ಗೆರೆ ಎಳೆದವರು ಯಾರು?

ಚೀನೀ ಅಕ್ಷರ ಬರೆಸುವ ಸ್ಕ್ರಿಟ್ಟರ್ ಆ್ಯಪ್‌ನ ನೆನಪಿನ ಲೆಕ್ಕ ಪಕ್ಕಾ: ಮರೆಯುವ ಹೊತ್ತಿಗೆ ಸರಿಯಾಗಿ ಆ ಪದವನ್ನೇ ಮತ್ತೆ ಮುಂದಿಡುತ್ತೆ. ತಕರಾರಿರೋದು ಅದು ನಮ್ಮ ಬೆರಳಿಗೆ ಕೊಡುವ ಸಲಿಗೆಯ ಬಗ್ಗೆ. ಗೆರೆ ಸೊಟ್ಟಗೆ ಎಳೆದರೂ ತಾನೇ ತಿದ್ದಿ ಜಾಗಕ್ಕೆ ಕೂರಿಸುತ್ತೆ. ‘ಮಣ್ಣು’, ‘ವಿದ್ವಾಂಸ’ ಎರಡಕ್ಕೂ ಚೀನೀಯಲ್ಲಿ 3 ಗೆರೆ, ಒಂದೇ ಕ್ರಮ: ಅಡ್ಡ, ನೆಟ್ಟಗೆ, ಅಡ್ಡ. ಕೆಳಗಿನ ಅಡ್ಡಗೆರೆ ಉದ್ದವಿದ್ದರೆ ಮಣ್ಣು, ಮೇಲಿನದು ಉದ್ದವಿದ್ದರೆ ವಿದ್ವಾಂಸ. ಆ ಅಳತೆಯನ್ನೇ ಆ್ಯಪ್ ನೋಡಿಕೊಂಡರೆ ನಾವು ಕಲಿತದ್ದೇನು? ಪಿನ್‌ಯಿನ್‌ನಲ್ಲಿ ಟೈಪ್ ಮಾಡಿ ಮಾಡಿ ಚೀನೀಯರೇ ಪೆನ್ನು ಹಿಡಿದಾಗ ಎಷ್ಟೋ ಅಕ್ಷರ ಮರೀತಾರೆ. ಇನ್ನು ಹೊಸಬರ ಪಾಡೇನು? ಬರೆದ ಗೆರೆಯನ್ನು ಹಾಗೇ ಉಳಿಸುವ ಸೆಟ್ಟಿಂಗ್ ಅದರಲ್ಲೇ ಇದೆ. ಮೊದಲ ದಿನವೇ ಆನ್ ಮಾಡಿಕೊಳ್ಳಿ. ಇಲ್ಲವೇ ಚೌಕುಳಿ ಹಾಳೆ ಮೇಲೆ ಬರೆದು, ಆಮೇಲೆ ಉತ್ತರ ನೋಡಿ.