ಬಚ್ಚಲಿನ ಚಿಲಕ

ನಮ್ಮಕ್ಕನ ಮನೆಯ ಬಚ್ಚಲಿಗೆ ಒಳಗಿನ ಚಿಲಕವಿರಲಿಲ್ಲ. ಮಗಳು ಚಿಕ್ಕವಳಿದ್ದಾಗಲೇ ಭಾವ ಅದನ್ನು ಕೀಳಿಸಿದ್ದರು. ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿ. ಒಳಗೆ ಜಾರಿ ಬಿದ್ದರೆ ಬಾಗಿಲು ಒಡೆಯಬೇಕಾದೀತೆಂಬ ಭಯ. 19 ತುಂಬಿದ ಮೇಲೆ ಒಂದು ದಿನ ಅವಳು ತೊದಲುತ್ತಲೇ ಕೇಳಿದಳು: “ಅಮ್ಮಾ, ನಂಗೊಂದು ಚಿಲಕ ಹಾಕ್ಸಿಕೊಡು.” ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ವಾರವೇ ನಾವಿಬ್ಬರೂ, ಹುಡುಗಿ ಮಲಗಿದ ಮೇಲೆ, ‘ಮಾರ್ಗರಿಟಾ ವಿತ್ ಎ ಸ್ಟ್ರಾ’ ಎಂಬ ಹಿಂದಿ ಚಿತ್ರ ನೋಡಿದೆವು. ಶೊನಾಲಿ ಬೋಸ್ ನಿರ್ದೇಶಿಸಿದ ಈ ಚಿತ್ರ ನಮ್ಮ ದೇಶದಲ್ಲಿ ತೆರೆಗೆ ಬಂದದ್ದು 2015ರಲ್ಲಿ. ದೆಹಲಿಯ ಕಾಲೇಜು ಹುಡುಗಿ ಲೈಲಾ ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಮಾತು ತೊಡರುತ್ತದೆ, ಬುದ್ಧಿ ಚುರುಕು. ಕಲ್ಕಿ ಈ ಪಾತ್ರ ಮಾಡಿದ್ದಾರೆ. ತಾಯಿಯಾಗಿ ನಮ್ಮ ರೇವತಿ.

ಇಂಥ ಮಕ್ಕಳ ಕಥೆಯೆಂದರೆ ಕಣ್ಣೀರು, ಇಲ್ಲವೇ ದೇವರಂಥ ಮಗು. ಈ ಚಿತ್ರ ಎರಡನ್ನೂ ಮಾಡುವುದಿಲ್ಲ. ಲೈಲಾ ಹಾಡು ಬರೆದುಕೊಟ್ಟ ತಂಡಕ್ಕೆ ಬಹುಮಾನ ಬಂದಾಗ, ಬರೆದವಳು ಅಂಗವಿಕಲೆ ಎಂಬ ಕಾರಣಕ್ಕೇ ಕೊಟ್ಟೆವೆಂದು ವೇದಿಕೆಯಲ್ಲಿ ಹೇಳುತ್ತಾರೆ. ಅವಳು ಸಿಟ್ಟಿನಿಂದ ಒಂದು ಬೆರಳೆತ್ತಿ ತೋರಿಸುತ್ತಾಳೆ! ಸುಸಂಸ್ಕೃತ ವರ್ತನೆಯಲ್ಲ, ನಿಜ. ಆದರೆ ಕನಿಕರಕ್ಕೆ ಕೈಮುಗಿದು ಸಾಕಾದವಳ ಉತ್ತರ ಅದು. ಅವಳಿಗೆ ಆಸೆಗಳಿವೆ, ಪ್ರೇಮವಿದೆ, ದೇಹದ ಕುತೂಹಲವಿದೆ. ಅವಳ ಕಂಪ್ಯೂಟರಿನಲ್ಲಿ ಏನಿದೆಯೆಂದು ತಾಯಿಗೆ ಗೊತ್ತಾಗಿ ಇಬ್ಬರಿಗೂ ಜಗಳವಾಗುತ್ತದೆ. ಆಗ ಅಕ್ಕ ನನ್ನ ಮುಖ ನೋಡಲಿಲ್ಲ. ಮೈ ತೊಳೆಸಿ, ತಲೆ ಬಾಚಿ, ವ್ಯಾನಿನಲ್ಲಿ ಕಾಲೇಜಿಗೆ ಬಿಡುವ ತಾಯಿಗೆ, ಈ ಮೈಯೊಳಗೆ ತನಗೆ ಕಾಣದ ಒಬ್ಬಳು ಬೆಳೆದಿದ್ದಾಳೆಂದು ಒಪ್ಪಿಕೊಳ್ಳುವುದೇ ಕಷ್ಟ. ದ್ವೇಷವಲ್ಲ, ಪ್ರೀತಿಯೇ ಅಡ್ಡ ನಿಲ್ಲುತ್ತದೆಂಬುದನ್ನು ಚಿತ್ರ ಚೆನ್ನಾಗಿ ಹಿಡಿದಿದೆ.

ನನ್ನ ತಕರಾರು ಕೊನೆಯ ಭಾಗದ ಮೇಲೆ. ತಾಯಿ ಕ್ಯಾನ್ಸರಿನಿಂದ ತೀರಿಕೊಳ್ಳುತ್ತಾಳೆ. ಅಂತ್ಯಸಂಸ್ಕಾರದಲ್ಲಿ ಲೈಲಾಳ ಧ್ವನಿಮುದ್ರಿತ ಮಾತು ಕೇಳಿಸುತ್ತದೆ, ನಾವಿಬ್ಬರೂ ಅತ್ತೆವು. ಕೊನೆಗೆ ಅವಳು ಒಬ್ಬಳೇ ಕೂತು ಪಾನೀಯ ಹೀರುತ್ತಾಳೆ. ಚೆಂದದ ದೃಶ್ಯವೇ. ಆದರೆ ಅಕ್ಕ ಕೇಳಿದ್ದು ಒಂದೇ: “ಅಮ್ಮ ಹೋದಮೇಲೆ ಅವಳಿಗೆ ನೀರು ಹಾಕಿದ್ದು ಯಾರೇ?”

ಚಿತ್ರ ಈ ಪ್ರಶ್ನೆಯ ಬಳಿ ನಿಲ್ಲುವುದಿಲ್ಲ. ಮಗಳು ಸ್ವತಂತ್ರಳಾಗಲು ತಾಯಿ ಸಾಯಬೇಕಾಗಿ ಬಂದದ್ದು ಕಥೆಗೆ ಅನುಕೂಲ, ಬದುಕಿಗಲ್ಲ. ನ್ಯೂಯಾರ್ಕಿಗೆ ಓದಲು ಹೋಗಬಲ್ಲ ಮನೆಗೂ ಈ ಪ್ರಶ್ನೆ ತಪ್ಪುವುದಿಲ್ಲ. ನಮ್ಮಂಥ ಊರುಗಳಲ್ಲಂತೂ ದಿನಬೆಳಗಾದರೆ ಅದೇ.

ಚಿತ್ರಕ್ಕೆ ಸ್ಫೂರ್ತಿಯಾದ ಮಾಲಿನಿ ಚಿಬ್, ನಿರ್ದೇಶಕಿಯ ಸೋದರಸಂಬಂಧಿ. ಅವರ ತಾಯಿ ಮಿಥು ಅಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಆರಂಭಿಸಿದರು. ಮಗಳು ಬೆಳೆದು, ಒಂದೇ ಬೆರಳಿನಿಂದ ಟೈಪು ಮಾಡಿ, ‘ಒನ್ ಲಿಟಲ್ ಫಿಂಗರ್’ ಎಂಬ ಆತ್ಮಕಥೆ ಬರೆದರು. ತಾಯಿಯಿದ್ದೂ ಮಗಳು ತಾನೇ ಆದ ಈ ನಿಜದ ಕಥೆ ನನಗೆ ಸಿನಿಮಾಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕಾನೂನೂ ಇಲ್ಲಿ ಅರ್ಧ ದಾರಿ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಟ್ಟದ್ದು 6ರಿಂದ 18 ವರ್ಷದವರೆಗೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ 18 ದಾಟಿದ ಮೇಲೂ ಪಾಲಕರನ್ನು ನೇಮಿಸಿಕೊಳ್ಳಲು ಜಿಲ್ಲೆಯ ಸಮಿತಿಗೆ ಅರ್ಜಿ ಹಾಕಬಹುದು. 2016ರ ಕಾಯ್ದೆ ಮಾತ್ರ ಇನ್ನೊಂದು ಹೆಜ್ಜೆ ಮುಂದಿಟ್ಟು, ಆ ವ್ಯಕ್ತಿಯೊಡನೆ ಕೂಡಿಯೇ ತೀರ್ಮಾನ ಮಾಡುವ ‘ಸೀಮಿತ ಪಾಲಕತ್ವ’ದ ಮಾತಾಡುತ್ತದೆ. ಕೂಡಿ ತೀರ್ಮಾನಿಸುವುದು! ನಾವೋ, ಅವಳದೇ ಬದುಕಿನಂಥ ಚಿತ್ರವನ್ನು ಅವಳನ್ನು ಮಲಗಿಸಿ ನೋಡಿದವರು.

ಮರುದಿನ ಅವಳನ್ನೂ ಕೂರಿಸಿಕೊಂಡು ಮತ್ತೆ ನೋಡಿದೆವು. ಲೈಲಾ ಬೆರಳೆತ್ತಿದಾಗ ಅವಳು ಎಷ್ಟು ನಕ್ಕಳೆಂದರೆ ಅಕ್ಕನಿಗೂ ನಗು ಬಂತು.

ಆಮೇಲೆ ಬಡಗಿಯನ್ನು ಕರೆಸಿದರು. ಬೇಕಾದರೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ, ಗೋಡೆಗೆ ಹಿಡಿಕೆ, ಕೂರಲು ಅಗಲವಾದ ಮಣೆ. ಅವಳೇ ನೀರು ಹಾಕಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೊದಲ ದಿನ ಅಕ್ಕ ಬಾಗಿಲ ಹೊರಗೇ ಕೂತಿದ್ದಳು. ಈಗ ಅಡುಗೆಮನೆಯಲ್ಲಿರುತ್ತಾಳೆ, ಕಿವಿ ಮಾತ್ರ ಇತ್ತಕಡೆ.