ಬೆಲ್ ಆಯ್ತು, ಬಾಗಿಲು ತೆಗೆಯೋರ್ಯಾರು?

ಕಂಪನಿ ಚಿಕ್ಕದಿರಲಿ, ದೊಡ್ಡದಿರಲಿ, ಯಾರ ಹೆಸರೂ ಇಲ್ಲದ ಒಂದಷ್ಟು ಮೇಲ್ ವಿಳಾಸಗಳು ಅಲ್ಲಿ ಇದ್ದೇ ಇರುತ್ತವೆ. ಇನ್ಫೋ, ಸೇಲ್ಸ್, ಸಪೋರ್ಟ್, ಎಚ್‌ಆರ್, ಹೀಗೆ. ಇದು ಇವತ್ತಿನ ಫ್ಯಾಶನ್ ಅಲ್ಲ. ಇಂಥ ವಿಳಾಸಗಳಿಗೆ ಏನೇನು ಹೆಸರಿಡಬೇಕು ಅಂತ 1997ರಲ್ಲೇ ಆರ್‌ಎಫ್‌ಸಿ 2142 ಅನ್ನೋ ಇಂಟರ್ನೆಟ್ ದಾಖಲೆ ಪಟ್ಟಿ ಮಾಡಿಟ್ಟಿದೆ. ಒಳ್ಳೆಯ ಆಲೋಚನೆಯೇ. ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅಂತ ಹೊರಗಿನವರಿಗೆ ಗೊತ್ತಿರಬೇಕಿಲ್ಲ, ಕೆಲಸದ ಹೆಸರು ಗೊತ್ತಿದ್ದರೆ ಸಾಕು. ನನ್ನ ತಕರಾರು ಇರೋದು ಹೊರಗಿನ ಬಾಗಿಲ ಬಗ್ಗೆ ಅಲ್ಲ. ಒಳಗೆ ಕೂತಿರೋ ನಮಗೆ ಬೆಲ್ ಕೇಳಿಸೋ ರೀತಿಯ ಬಗ್ಗೆ.

ಮೈಕ್ರೋಸಾಫ್ಟ್ ಔಟ್‌ಲುಕ್ ಉದಾಹರಣೆ ತಗೊಳ್ಳಿ, ನಮ್ಮಲ್ಲಿ ಬಹಳ ಜನರ ದಿನ ಶುರುವಾಗೋದೇ ಅದರಲ್ಲಿ. ಅಡ್ಮಿನ್ ನಿಮಗೆ ಶೇರ್ಡ್ ಮೇಲ್‌ಬಾಕ್ಸ್‌ನ ಫುಲ್ ಆಕ್ಸೆಸ್ ಕೊಟ್ಟರೆ ಅದು ತಾನಾಗೇ ನಿಮ್ಮ ಎಡಗಡೆಯ ಪಟ್ಟಿಯಲ್ಲಿ ಬಂದು ಕೂರುತ್ತೆ. ಇದಕ್ಕೆ ಆಟೋಮ್ಯಾಪಿಂಗ್ ಅಂತಾರೆ. ಆದರೆ ಅದಕ್ಕೆ ಮೇಲ್ ಬಂದರೆ ಕ್ಲಾಸಿಕ್ ಔಟ್‌ಲುಕ್‌ನ ಮೂಲೆಯಲ್ಲಿ ಪಾಪ್‌ಅಪ್ ಬರೋದಿಲ್ಲ. ಆ ಮರ್ಯಾದೆ ನಿಮ್ಮ ಸ್ವಂತ ಇನ್‌ಬಾಕ್ಸ್‌ಗೆ ಮಾತ್ರ. ಹಂಚಿಕೊಂಡ ಡಬ್ಬಿ ತೆಪ್ಪಗೆ ತುಂಬ್ತಾ ಇರುತ್ತೆ, ಯಾರಾದರೂ ಹೋಗಿ ಇಣುಕಿ ನೋಡಬೇಕು.

ಉಪಾಯ ಇಲ್ಲ ಅಂತಲ್ಲ. ಅಡ್ಮಿನ್‌ಗೆ ಹೇಳಿ ಆಟೋಮ್ಯಾಪಿಂಗ್ ತೆಗೆಸಿ, ಆ ಮೇಲ್‌ಬಾಕ್ಸನ್ನು ಪ್ರತ್ಯೇಕ ಅಕೌಂಟ್ ಆಗಿ ಸೇರಿಸಿ, ಆಮೇಲೆ ಅದರ ಮೇಲೆ ಒಂದು ರೂಲ್ ಬರೆದು ಡೆಸ್ಕ್‌ಟಾಪ್ ಅಲರ್ಟ್ ತೋರಿಸು ಅನ್ನಬಹುದು. ಆದರೆ ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ನಡೆಯೋ ರೂಲ್. ಔಟ್‌ಲುಕ್ ಮುಚ್ಚಿದ್ದರೆ ಗಂಟೆಯೂ ಇಲ್ಲ, ಸದ್ದೂ ಇಲ್ಲ. ಪಕ್ಕದ ಸೀಟಿನವರಿಗೂ ಬೇಕಂದ್ರೆ ಅವರ ಲ್ಯಾಪ್‌ಟಾಪ್‌ನಲ್ಲಿ ಇದೇ ಶಾಸ್ತ್ರ ಮತ್ತೆ ಮೊದಲಿನಿಂದ. ಇನ್ನೊಂದು ದಾರಿ, ಬಂದ ಮೇಲನ್ನೆಲ್ಲ ಎಲ್ಲರಿಗೂ ಫಾರ್ವರ್ಡ್ ಮಾಡೋದು. ಆಗ ಒಂದು ಪ್ರಶ್ನೆಗೆ ಹತ್ತು ಪ್ರತಿ. ಇಬ್ಬರು ಎರಡು ಥರ ಉತ್ತರ ಕೊಟ್ಟರೆ ಆಯ್ತು, ಗ್ರಾಹಕರಿಗೆ ಫ್ರೀ ಮನರಂಜನೆ. ಮೂರನೇದು ಪವರ್ ಆಟೊಮೇಟ್. ಶೇರ್ಡ್ ಮೇಲ್‌ಬಾಕ್ಸ್‌ಗೆ ಮೇಲ್ ಬಂದ ಕೂಡಲೇ ಎಚ್ಚೆತ್ತುಕೊಳ್ಳೋ ಟ್ರಿಗರ್ ಅದರಲ್ಲಿದೆ. ಅಲ್ಲಿಂದ ಟೀಮ್ಸ್ ಚಾನೆಲ್‌ಗೆ ಒಂದು ಸಂದೇಶ ಹಾಕಿಸಬಹುದು. ಮೂರರಲ್ಲಿ ಇದೇ ವಾಸಿ. ಯಾರ ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಕೆಲಸ ನಿಲ್ಲೋದಿಲ್ಲ.

ಸರಿ, ಇಷ್ಟೆಲ್ಲ ಮಾಡಿ ಎಲ್ಲರಿಗೂ ಗಂಟೆ ಕಟ್ಟಿದಿರಿ ಅಂತಿಟ್ಟುಕೊಳ್ಳಿ. ಇನ್ಮೇಲೆ ಉತ್ತರಗಳು ಬೇಗ ಹೋಗ್ತಾವಾ? ನನಗೆ ಅನುಮಾನ.

ಭಾನುವಾರ ಮಧ್ಯಾಹ್ನ, ಮನೆಮಂದಿಯೆಲ್ಲ ಹಾಲ್‌ನಲ್ಲಿ ಕೂತಿರ್ತಾರೆ. ಕಾಲಿಂಗ್ ಬೆಲ್ ಆಗುತ್ತೆ. ಎಲ್ಲರಿಗೂ ಕೇಳಿಸುತ್ತೆ, ಎಲ್ಲರೂ ಒಂದ್ಸಲ ತಲೆ ಎತ್ತುತ್ತಾರೆ, ಯಾರೋ ಏಳ್ತಾರೆ ಅಂತ ಮತ್ತೆ ಮೊಬೈಲ್‌ಗೆ ತಲೆ ಬಗ್ಗಿಸುತ್ತಾರೆ. ಕೊನೆಗೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಅಮ್ಮನೇ ಬರಬೇಕು. ಆ ಮನೆಗೆ ಇನ್ನೂ ಜೋರಾದ ಬೆಲ್ ಹಾಕಿಸಿದರೆ ಏನು ಬದಲಾಗುತ್ತೆ ಹೇಳಿ? ಹೆಚ್ಚಂದ್ರೆ ಅಮ್ಮನಿಗೆ ಇನ್ನೊಂದಿಷ್ಟು ತಲೆನೋವು. ಪ್ರತಿ ಟೀಮಿನಲ್ಲೂ ಇಂಥ ಒಬ್ಬ 'ಅಮ್ಮ' ಇರ್ತಾರೆ. ನಾನು ನೋಡಿರೋ ಮಟ್ಟಿಗೆ ಸಾಮಾನ್ಯವಾಗಿ ಅದು ಟೀಮಿನ ಅತ್ಯಂತ ಹೊಸ ಹುಡುಗಿಯೋ ಹುಡುಗನೋ. ಅಪ್ರೈಸಲ್ ಫಾರ್ಮ್‌ನಲ್ಲಿ ಆ ಕೆಲಸಕ್ಕೆ ಒಂದು ಸಾಲೂ ಇರೋದಿಲ್ಲ.

ಇದಕ್ಕೆ ಸೋಮಾರಿತನ ಅಂತ ಬೈದು ಕೈ ತೊಳೆದುಕೊಳ್ಳೋದು ಸುಲಭ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಅನ್ನೋ ಇಬ್ಬರು ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆಬೇರೆ ಕೋಣೆಗಳಲ್ಲಿ ಕೂರಿಸಿ ಇಂಟರ್‌ಕಾಮ್‌ನಲ್ಲಿ ಮಾತಾಡಿಸಿದರು. ಮಧ್ಯದಲ್ಲಿ ಒಬ್ಬರಿಗೆ ಫಿಟ್ಸ್ ಬಂದ ದನಿ ಕೇಳಿಸಿದರು. ಅದು ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ಕೇಳಿಸಿಕೊಂಡಿದ್ದು ತಾನೊಬ್ಬನೇ ಅಂದುಕೊಂಡವರಲ್ಲಿ ಶೇಕಡ 85 ಮಂದಿ ಆ ದನಿ ನಿಲ್ಲೋದರೊಳಗೆ ಸಹಾಯಕ್ಕೆ ಎದ್ದರು. ತನ್ನ ಜೊತೆ ಇನ್ನೂ ನಾಲ್ವರು ಕೇಳಿಸಿಕೊಳ್ತಿದ್ದಾರೆ ಅಂದುಕೊಂಡವರಲ್ಲಿ ಹಾಗೆ ಎದ್ದವರು ಶೇಕಡ 31 ಮಾತ್ರ. ಏಳದೆ ಕೂತವರು ಕಲ್ಲುಮನಸ್ಸಿನವರೇನಲ್ಲ, ಅವರಲ್ಲಿ ಎಷ್ಟೋ ಜನರ ಕೈ ನಡುಗ್ತಿತ್ತಂತೆ. ಒಬ್ಬರಿಗೊಬ್ಬರು ಕಾಣಿಸದೆ, ಇನ್ಯಾರೋ ಇದ್ದಾರೆ ಅಂತ ಮಾತ್ರ ಗೊತ್ತಿರೋ ಸ್ಥಿತಿ ಅದು. ಶೇರ್ಡ್ ಮೇಲ್‌ಬಾಕ್ಸ್ ನಮ್ಮನ್ನು ಕೂರಿಸೋದೂ ಸರಿಯಾಗಿ ಅಂಥ ಕೋಣೆಗಳಲ್ಲೇ.

ಇದರ ಮೇಲೆ ಇನ್ನೊಂದು ಎಡವಟ್ಟು. ಶೇರ್ಡ್ ಮೇಲ್‌ಬಾಕ್ಸ್‌ನಲ್ಲಿ ಒಬ್ಬರು ಮೇಲ್ ತೆರೆದರೆ ಅದು ಎಲ್ಲರಿಗೂ ಓದಿದ ಮೇಲ್ ಆಗಿಬಿಡುತ್ತೆ. ಪಾಪ್‌ಅಪ್ ಬಂತು ಅಂತ ಮೀಟಿಂಗ್ ಮಧ್ಯೆ ಒಬ್ಬರು ಕ್ಲಿಕ್ ಮಾಡಿದರು, ಆಮೇಲೆ ನೋಡೋಣ ಅಂತ ಬಿಟ್ಟರು. ಉಳಿದವರ ಪಾಲಿಗೆ ದಪ್ಪಕ್ಷರ ಮಾಯ. ಓದಿದ್ದಾರೆ ಅಂದ್ರೆ ಉತ್ತರಿಸಿರ್ತಾರೆ ಅನ್ನೋ ಲೆಕ್ಕ. ಸೆಟ್ಟಿಂಗ್ ಬದಲಾಯಿಸದಿದ್ದರೆ, ಕೊಟ್ಟ ಉತ್ತರವೂ ಕೊಟ್ಟವರ ಸ್ವಂತ ಸೆಂಟ್ ಐಟಮ್ಸ್‌ನಲ್ಲೇ ಉಳಿಯುತ್ತೆ, ಬೇರೆಯವರಿಗೆ ಕಾಣೋದಿಲ್ಲ. ಅಂದ್ರೆ ನೋಟಿಫಿಕೇಶನ್ ಹೆಚ್ಚಾದಷ್ಟೂ ಬರೀ ಇಣುಕಿ ನೋಡೋರು ಹೆಚ್ಚು, ಉತ್ತರ ಹೋಯ್ತಾ ಇಲ್ವಾ ಅಂತ ಹೇಳೋರು ಯಾರೂ ಇಲ್ಲ.

ಮೇಲ್ ಬಂದಿದೆ ಅಂತ ಕೂಗಿ ಹೇಳೋ ಚಾಳಿ ಹಳೇದು. 1980ರ ಹೊತ್ತಿಗೇ ಬರ್ಕ್ಲಿ ಯುನಿಕ್ಸ್‌ನಲ್ಲಿ ಬಿಫ್ ಅನ್ನೋ ಪುಟ್ಟ ಪ್ರೋಗ್ರಾಂ ಇತ್ತು, ಹೆಸರು ಅಲ್ಲಿ ಓಡಾಡಿಕೊಂಡಿದ್ದ ಒಂದು ನಾಯಿಯದ್ದು. ನಾಯಿಗೆ ಒಬ್ಬ ಯಜಮಾನ ಇದ್ದಾಗ ಬೊಗಳೋದಕ್ಕೆ ಅರ್ಥ ಇದೆ. ಬೀದಿಗೆಲ್ಲ ಸೇರಿದ ನಾಯಿ ರಾತ್ರಿಯೆಲ್ಲ ಬೊಗಳಿದರೂ ಯಾರೂ ಕಿಟಕಿ ತೆಗೆಯೋದಿಲ್ಲ. ನಾವು ಹಳೇ ಬಿಫ್ ಅನ್ನೇ ತಂದು ಬೀದಿನಾಯಿ ಮಾಡಿದ್ದೀವಿ.

ಹಾಗಾದರೆ ಏನು ಮಾಡೋದು? ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ 'ಅಲರ್ಟ್ ಹೇಗೆ ಬರಿಸೋದು' ಅಲ್ಲ, 'ಇವತ್ತು ಯಾರ ಪಾಳಿ' ಅನ್ನೋದು. ಗೂಗಲ್ ಗ್ರೂಪ್ಸ್‌ನ ಕೊಲಾಬರೇಟಿವ್ ಇನ್‌ಬಾಕ್ಸ್‌ನಲ್ಲಿ ಒಂದೊಂದು ಮೇಲನ್ನೂ ಒಬ್ಬೊಬ್ಬರ ಹೆಸರಿಗೆ ಹಚ್ಚಬಹುದು, ಮುಗೀತು ಅಂತ ಗುರುತೂ ಹಾಕಬಹುದು. ಔಟ್‌ಲುಕ್‌ನಲ್ಲೂ ಕಲರ್ ಕ್ಯಾಟಗರಿಗಳಿಗೆ ನಮ್ಮ ನಮ್ಮ ಹೆಸರಿಟ್ಟುಕೊಂಡರೆ ಅವು ಎಲ್ಲರಿಗೂ ಕಾಣುತ್ತವೆ. ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು ಅಂತ ಪಾಳಿ ಹಾಕಿ, ಗಂಟೆಯನ್ನು ಆ ದಿನದವರಿಗೆ ಮಾತ್ರ ಕಟ್ಟಿ. ಉಳಿದವರು ನೆಮ್ಮದಿಯಾಗಿ ತಮ್ಮ ಕೆಲಸ ಮಾಡಲಿ. ರಾತ್ರಿ ಹನ್ನೊಂದಕ್ಕೆ ಹತ್ತು ಫೋನ್ ಒಟ್ಟಿಗೆ ಟಿಂಗ್ ಅನ್ನೋದಂತೂ ತಪ್ಪುತ್ತೆ.

ಮೂರೇ ಜನರ ಟೀಮಿಗೆ ಇಷ್ಟೆಲ್ಲ ಯಾಕೆ ಅನ್ನೋರಿದ್ದಾರೆ. ಮೂರು ಜನ ಒಂದೇ ಟೇಬಲ್ ಸುತ್ತ ಕೂತಿದ್ದರೆ ಬೇಡ, "ನೀನು ನೋಡ್ತೀಯಾ?" ಅಂದ್ರೆ ಸಾಕು. ಆದರೆ ಒಬ್ಬರು ವೈಟ್‌ಫೀಲ್ಡ್‌ನಲ್ಲಿ, ಒಬ್ಬರು ಹುಬ್ಬಳ್ಳಿಯ ಮನೆಯಲ್ಲಿ, ಮತ್ತೊಬ್ಬರು ರಜೆಯಲ್ಲಿ ಇರೋ ಕಾಲ ಇದು. ಪ್ರಯೋಗದ ಆ ಕೋಣೆಗಳನ್ನು ನಾವೇ ಕಟ್ಟಿಕೊಂಡಿದ್ದೀವಿ.

ಎಚ್‌ಆರ್ ಮೇಲ್‌ಬಾಕ್ಸ್‌ಗೆ ರಿಲೀವಿಂಗ್ ಲೆಟರ್ ಕೇಳಿ ಬರೆದವರಿಗೆ ಗುರುವಾರ ಹೊಸ ಕಂಪನಿ ಸೇರಬೇಕಿರುತ್ತೆ. ಅಕೌಂಟ್ಸ್‌ಗೆ ಮೂರನೇ ಸಲ ಬಿಲ್ ಕಳಿಸಿದ ಚಿಕ್ಕ ವೆಂಡರ್ ತನ್ನ ಹುಡುಗರಿಗೆ ಸಂಬಳ ಕೊಡಬೇಕಿರುತ್ತೆ. ಅವರ ಮೇಲ್ ನಮ್ಮಲ್ಲಿ ಎಷ್ಟು ಸ್ಕ್ರೀನ್‌ಗಳ ಮೂಲೆಯಲ್ಲಿ ಮಿನುಗಿತು ಅನ್ನೋದರಿಂದ ಅವರಿಗೆ ಮೂರು ಕಾಸಿನ ಪ್ರಯೋಜನ ಇಲ್ಲ. "ಸಿಕ್ಕಿದೆ, ನಾನು ನೋಡ್ತಿದ್ದೀನಿ" ಅನ್ನೋ ಒಂದು ಸಾಲು, ಅದರ ಕೆಳಗೆ ಒಬ್ಬರ ಹೆಸರು. ಅವರು ಕಾಯ್ತಿರೋದು ಅಷ್ಟಕ್ಕೆ.