ಹನ್ನೊಂದು ತಿಂಗಳ ಗಾರೆ

ಕಳೆದ ತಿಂಗಳವರೆಗೆ ನಾನು ಬಾಡಿಗೆಗಿದ್ದ ಬೆಂಗಳೂರಿನ ಕೋಣೆಯಲ್ಲಿ ಓದುವ ಮೇಜಿನ ಹಿಂದಿನ ಗೋಡೆಗೆ ಸದಾ ತೇವ. ಗೋಡೆಯ ಆಚೆಗೆ ಬಚ್ಚಲುಮನೆ. ಮೊದಲು ಬಣ್ಣ ಉಬ್ಬುತ್ತಿತ್ತು, ಆಮೇಲೆ ಚಕ್ಕೆ ಏಳುತ್ತಿತ್ತು, ಕೊನೆಗೆ ಬಿಳಿಯ ಪುಡಿ ಪುಸ್ತಕಗಳ ಮೇಲೆ ಉದುರುತ್ತಿತ್ತು. ಮೂರು ವರ್ಷದಲ್ಲಿ ಎರಡು ಸಲ ಅದಕ್ಕೆ ರಿಪೇರಿಯಾಯಿತು. ಎರಡನೆಯ ಸಲ ಬಂದ ಗಾರೆ ಮೇಸ್ತ್ರಿ ಗೋಡೆಯನ್ನು ಬೆರಳಿನಿಂದ ತಟ್ಟಿ, ಟೊಳ್ಳು ಸದ್ದು ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು. "ಸರಿ ಮಾಡೋದು ಬೇರೆ ಮೇಡಂ, ಕಾಣದ ಹಾಗೆ ಮಾಡೋದು ಬೇರೆ. ಓನರು ಯಾವುದು ಹೇಳಿದಾರೆ?"

ಓನರಿಗೆ ಫೋನು ಮಾಡಿದೆ. "ಸದ್ಯಕ್ಕೆ ಒಂದು ಕೋಟ್ ಹೊಡೆಸಿಬಿಡಮ್ಮ, ಆಮೇಲೆ ನೋಡೋಣ" ಎಂದರು. ಮಧ್ಯಾಹ್ನದೊಳಗೆ ಗೋಡೆ ಹೊಸದಾಯಿತು. ಮೇಸ್ತ್ರಿ ಮಾಡಿದ ಆ ವಿಂಗಡಣೆ ಮಾತ್ರ ನನ್ನ ತಲೆಯಲ್ಲಿ ಉಳಿದುಕೊಂಡಿತು.

ಜನ ಮನೆಯ ರಿಪೇರಿಯನ್ನು ಯಾಕೆ ಕಾಟಾಚಾರಕ್ಕೆ ಮಾಡುತ್ತಾರೆ? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ಬೈಗುಳ: ನಮ್ಮ ಜನಕ್ಕೆ ಶಿಸ್ತಿಲ್ಲ, ಎಲ್ಲದಕ್ಕೂ 'ನಡೆಯುತ್ತೆ ಬಿಡು' ಎನ್ನುವ ಸ್ವಭಾವ. ಎರಡನೆಯದು ಹೊಗಳಿಕೆ: ಇರುವುದರಲ್ಲೇ ದಾರಿ ಹುಡುಕುವ ಜಾಣತನ, 'ಜುಗಾಡ್'. 2012ರಲ್ಲಿ ನವಿ ರಾಜು, ಜೈದೀಪ್ ಪ್ರಭು ಮತ್ತು ಸಿಮೋನ್ ಅಹುಜಾ ಬರೆದ 'ಜುಗಾಡ್ ಇನ್ನೋವೇಶನ್' ಪುಸ್ತಕ ಬಂದ ಮೇಲೆ ಈ ಪದ ಮ್ಯಾನೇಜ್‌ಮೆಂಟ್ ತರಗತಿಗಳಿಗೂ ಹೋಯಿತು. ಬೈಗುಳ, ಹೊಗಳಿಕೆ ಎರಡೂ ನೋಡುವುದು ರಿಪೇರಿ ಮಾಡಿದವನ ಗುಣವನ್ನು. ಆ ಮನೆ ಯಾರದು, ಅಲ್ಲಿ ಯಾರು ಎಷ್ಟು ಕಾಲ ಇರುತ್ತಾರೆ, ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಎಂದು ಎರಡೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಮೊದಲು ಗೋಡೆಯ ವಿಷಯಕ್ಕೇ ಬರೋಣ. ತೇವದ ಗೋಡೆಗೆ ಬಳಿದ ಬಣ್ಣ ನಿಲ್ಲದಿರುವುದಕ್ಕೆ ಬಣ್ಣ ಕಾರಣವಲ್ಲ. ಬಚ್ಚಲಿನ ನೆಲದ ಸಂದಿನಿಂದಲೋ ಗೋಡೆಯೊಳಗಿನ ಪೈಪಿನಿಂದಲೋ ಜಿನುಗುವ ನೀರು ಇಟ್ಟಿಗೆ ಮತ್ತು ಸಿಮೆಂಟಿನಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಆವಿಯಾಗುತ್ತದೆ, ಲವಣ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಸರಿಯಾಗಿ ಮಾಡಬೇಕೆಂದರೆ ಬಚ್ಚಲಿನ ಟೈಲ್ಸ್ ಒಡೆಯಬೇಕು, ಸೋರುವ ಜಾಗ ಹುಡುಕಬೇಕು, ಪೈಪು ಬದಲಿಸಬೇಕು, ವಾಟರ್‌ಪ್ರೂಫಿಂಗ್ ಮಾಡಬೇಕು, ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಬೇಕು. ಗೋಡೆ ಪೂರ್ತಿ ಒಣಗುವವರೆಗೆ ಕಾಯಬೇಕು, ಹೊಸ ಗಾರೆಗೆ ದಿನಗಟ್ಟಲೆ ನೀರುಣಿಸಬೇಕು, ಅದೂ ಒಣಗಿದ ಮೇಲೆ ಪುಟ್ಟಿ ಮತ್ತು ಬಣ್ಣ. ಇಷ್ಟೆಲ್ಲ ಆದ ಮೇಲೂ ಕಣ್ಣಿಗೆ ಕಾಣುವುದೇನು? ಒಂದು ಮಾಮೂಲಿ ಗೋಡೆ. ಒಂದೇ ಮಧ್ಯಾಹ್ನದಲ್ಲಿ ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಬಳಿದರೂ ಅಂದು ಸಂಜೆ ಕಾಣುವುದು ಅದೇ ಗೋಡೆ. ಇವೆರಡರ ವ್ಯತ್ಯಾಸ ಗೊತ್ತಾಗಲು ಒಂದು ಮಳೆಗಾಲವಾದರೂ ಕಳೆಯಬೇಕು. ಆ ಮಳೆಗಾಲದ ಹೊತ್ತಿಗೆ ಆ ಮನೆಯಲ್ಲಿ ಯಾರಿರುತ್ತಾರೆ ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ಬಾಡಿಗೆ ಕರಾರುಗಳು ಹನ್ನೊಂದು ತಿಂಗಳಿನವು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ. ಹೀಗೆ ಕಾಗದದ ಮೇಲೆ ಬಾಡಿಗೆದಾರರ ಭವಿಷ್ಯ ಹನ್ನೊಂದು ತಿಂಗಳು. ಹೊಸ ಪೈಪಿನ ಫಲ ಹತ್ತಿಪ್ಪತ್ತು ವರ್ಷದ್ದು. ಇಷ್ಟು ಉದ್ದದ ಫಲಕ್ಕೆ ಅಷ್ಟು ಚಿಕ್ಕ ಭವಿಷ್ಯದವರು ಯಾಕೆ ದುಡ್ಡು ಹಾಕುತ್ತಾರೆ? ಆ ಮನೆಯಲ್ಲಿ ತಾವೇ ಮಲಗದ ಮಾಲೀಕರಿಗೆ ಗೋಡೆಯ ವಾಸನೆ ಗೊತ್ತಿಲ್ಲ, ಬಾಡಿಗೆ ಹೇಗೂ ಬರುತ್ತದೆ. ದಿನಗೂಲಿಗೆ ಬರುವ ಮೇಸ್ತ್ರಿಗೆ ಆ ಗೋಡೆಯೊಂದಿಗಿನ ಸಂಬಂಧ ಸಂಜೆ ಆರಕ್ಕೆ ಮುಗಿಯುತ್ತದೆ. ಮೂವರಲ್ಲಿ ಯಾರೂ ಸೋಮಾರಿಗಳಲ್ಲ. ಆ ಮನೆಯ ನಾಳೆಗಳಲ್ಲಿ ತನ್ನ ಪಾಲು ಎಷ್ಟೋ ಅಷ್ಟಕ್ಕೆ ಸರಿಯಾದ ಕೆಲಸವನ್ನು ಪ್ರತಿಯೊಬ್ಬರೂ ಲೆಕ್ಕ ಹಾಕಿಯೇ ಮಾಡುತ್ತಾರೆ. ಕಳಪೆ ರಿಪೇರಿ ಆ ಮೂರು ಲೆಕ್ಕಗಳ ಮೊತ್ತ.

ಕಾನೂನು ಇಲ್ಲವೇ ಎಂದರೆ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು, ಮಾಲೀಕನು ತಾನು ಮಾಡಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟರೂ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ. 2021ರ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಸ್ಪಷ್ಟವಾಗಿ ಪಟ್ಟಿ ಕೊಡುತ್ತದೆ: ಕಟ್ಟಡದ ರಚನೆ, ಗೋಡೆಯ ಸುಣ್ಣಬಣ್ಣ, ಪೈಪು, ವೈರಿಂಗ್ ಮಾಲೀಕರದು; ನಲ್ಲಿಯ ವಾಷರ್, ಸ್ವಿಚ್ಚು, ಬಾಗಿಲ ಬೀಗ ಬಾಡಿಗೆದಾರರದು. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದೂ ಅದರಲ್ಲಿದೆ. ಬೆಂಗಳೂರಿನ ರೂಢಿಯಾದರೋ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ. ಅಷ್ಟು ದುಡ್ಡು ಮಾಲೀಕರ ಕೈಯಲ್ಲಿರುವಾಗ 108ನೇ ಕಲಮನ್ನು ನೆನಪಿಸುವ ಧೈರ್ಯ ಯಾವ ಸಂಶೋಧನಾ ವಿದ್ಯಾರ್ಥಿಗೆ ಇರುತ್ತದೆ? ನನಗಂತೂ ಇರಲಿಲ್ಲ.

ನಮ್ಮ ಭಾಷೆ ಈ ವಿಚಾರವನ್ನು ನಮಗಿಂತ ಚೆನ್ನಾಗಿ ಬಲ್ಲದು. 'ದುರಸ್ತಿ' ಪಾರಸಿಯಿಂದ ಬಂದ ಪದ, ಅದರ ಮೂಲದಲ್ಲಿರುವುದು 'ಸರಿಯಾದದ್ದು' ಎಂಬ ಅರ್ಥ. 'ಜೀರ್ಣೋದ್ಧಾರ'ದಲ್ಲಿ ಶಿಥಿಲವಾದದ್ದನ್ನು ಮೇಲೆತ್ತುವ ಭಾವವಿದೆ. ಕನ್ನಡ ನಾಡಿನ ದಾನಶಾಸನಗಳನ್ನು ಓದುವವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪರಿಚಿತ. ದೇಗುಲಕ್ಕೊ ಬಸದಿಗೊ ಭೂಮಿ ಬಿಡುವಾಗ ಪೂಜೆ, ನೈವೇದ್ಯಗಳ ಜೊತೆಗೆ ಒಡೆದದ್ದು, ಬಿರುಕುಬಿಟ್ಟದ್ದನ್ನು ಸರಿಪಡಿಸುವುದಕ್ಕೂ ಆ ಭೂಮಿಯ ಹುಟ್ಟುವಳಿಯಲ್ಲಿ ಪಾಲು ಇಡುತ್ತಿದ್ದರು. ಕಟ್ಟಡ ಒಡೆಯುತ್ತದೆ ಎಂದು ಅವರು ಮೊದಲೇ ಒಪ್ಪಿಕೊಂಡಿದ್ದರು. ಒಡೆದಾಗ ಯಾರು ನೋಡಿಕೊಳ್ಳಬೇಕು, ಯಾವ ಹೊಲದ ಆದಾಯದಿಂದ ಎನ್ನುವುದನ್ನು ಕಲ್ಲಿನ ಮೇಲೆ ಬರೆಸಿದ್ದರು. ಬಡವರ ಮನೆಗೆ ಅಂಥ ದತ್ತಿ ಆಗಲೂ ಇದ್ದಿರಲಾರದು. ಆದರೂ ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಒಳ್ಳೆಯ ದುರಸ್ತಿಗೆ ಬೇಕಾದದ್ದು ಮೊದಲು ಏರ್ಪಾಡು, ಆಮೇಲೆ ಸ್ವಭಾವ.

ಕಟ್ಟಡದ ಬಗೆಯೂ ಇಲ್ಲಿ ಮುಖ್ಯ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚಿನ ಮಾಡನ್ನು ನೆನೆಯಿರಿ. ಒಂದು ಹೆಂಚು ಒಡೆದರೆ ಅದರ ಕೆಳಗೇ ಹೆಚ್ಚುಕಡಿಮೆ ನೀರು ತೊಟ್ಟಿಕ್ಕುತ್ತದೆ. ಏಣಿ ಹತ್ತಿ ಅದೊಂದನ್ನೇ ಬದಲಿಸಬಹುದು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಕರಾವಳಿ, ಮಲೆನಾಡಿನಲ್ಲಿ ವರ್ಷದ ಕೆಲಸಗಳಲ್ಲಿ ಒಂದು. ಆ ಮಾಡು ತನ್ನ ದೋಷವನ್ನು ತಾನೇ ತೋರಿಸುತ್ತದೆ. ಕಾಂಕ್ರೀಟು ತಾರಸಿ ಹಾಗಲ್ಲ. ಮೇಲೆ ಬಿರುಕು ಒಂದು ಕಡೆ, ಕೆಳಗೆ ನೀರು ಇಳಿಯುವುದು ಇನ್ನೊಂದು ಕಡೆ. ದೋಷವನ್ನು ಹುಡುಕುವುದೇ ಒಂದು ಖರ್ಚು. ಹುಡುಕುವುದಕ್ಕಿಂತ ಮುಚ್ಚುವುದು ಅಗ್ಗ.

ಈ ದೃಷ್ಟಿಯಿಂದ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಾದಂಬರಿಗೆ ಮರಳಿದರೆ ಅಲ್ಲಿನ ಇರುವೆಗಳು ಬೇರೆಯಾಗಿ ಕಾಣುತ್ತವೆ. 2013ರಲ್ಲಿ ಬಂದ ಈ ಕಿರುಕಾದಂಬರಿಯ ಕುಟುಂಬ ಕೆಳಮಧ್ಯಮ ವರ್ಗದ ದಿನಗಳಲ್ಲಿ, ಇಕ್ಕಟ್ಟಿನ ಹಳೆಯ ಮನೆಯಲ್ಲಿ ಇರುವೆಗಳೊಂದಿಗೆ ಹೆಣಗುತ್ತದೆ. ಇರುವೆಗಳನ್ನು ಕುಟುಂಬದೊಳಗೆ ಬೆಳೆಯುವ ಕ್ರೌರ್ಯದ ಸೂಚನೆಯಾಗಿ ಓದುವುದು ವಾಡಿಕೆ, ಆ ಓದು ತಪ್ಪಲ್ಲ. ಆದರೆ ಆ ಮನೆಯ ಕಷ್ಟ ಕೊನೆಗಾಣುವುದು ಹೇಗೆ ಎಂಬುದನ್ನು ಗಮನಿಸಿ. ವ್ಯಾಪಾರ ಕೈಹಿಡಿದು ಹಣ ಬಂದಾಗ ಕುಟುಂಬ ದೊಡ್ಡ ಮನೆಗೆ ಹೋಗುತ್ತದೆ. ಹಳೆಯ ಮನೆ ಸರಿಹೋಗುವುದಿಲ್ಲ, ಅದನ್ನು ಬಿಟ್ಟುಬರುತ್ತಾರೆ ಅಷ್ಟೆ. ನಗರದ ಮಧ್ಯಮ ವರ್ಗಕ್ಕೆ ಗೊತ್ತಿರುವ ಅತಿ ದೊಡ್ಡ ರಿಪೇರಿ ಎಂದರೆ ಮನೆ ಬದಲಿಸುವುದು. ದುರಸ್ತಿ ಮಾಡದೆ ದಾಟಿಹೋಗುವ ಈ ಅಭ್ಯಾಸ ಮುಂದೆ ಮನುಷ್ಯರ ವಿಷಯದಲ್ಲಿ ಏನಾಗಬಹುದು ಎಂಬ ಭಯವನ್ನು ಕಾದಂಬರಿ ಓದುಗರಲ್ಲಿ ಉಳಿಸುತ್ತದೆ.

ಸ್ವಂತ ಮನೆಯವರೂ ಹೀಗೇ ಮಾಡುತ್ತಾರಲ್ಲ ಎಂದು ಕೇಳಬಹುದು. ಹೌದು. ಅಣ್ಣತಮ್ಮಂದಿರ ಪಾಲಾಗದ ಹಿರಿಯರ ಮನೆಯ ತೊಲೆಯನ್ನು ಯಾರೂ ಮುಟ್ಟುವುದಿಲ್ಲ, ನಾಳೆ ಅದು ಯಾರ ಪಾಲಿಗೆ ಹೋಗುತ್ತದೋ ಗೊತ್ತಿಲ್ಲ. ಮಕ್ಕಳು ಊರಿಗೆ ಮರಳುವುದಿಲ್ಲವೆಂದು ಖಾತ್ರಿಯಾದ ಮುದುಕರು ಸೋರುವ ಕಡೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುಮ್ಮನಾಗುತ್ತಾರೆ. ಕಾಗದದಲ್ಲಿ ಸ್ವಂತವಾದ ಮಾತ್ರಕ್ಕೆ ಮನೆಗೆ ನಾಳೆ ಸಿಗುವುದಿಲ್ಲ.

ಹಾಗಾದರೆ ತೇಪೆಯೇ ಕೆಟ್ಟದ್ದೆ? ಉತ್ತರ ಕರ್ನಾಟಕದ ಕೌದಿಯನ್ನು ನೋಡಿದವರು ಹಾಗೆನ್ನಲಾರರು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳ ಪದರುಗಳನ್ನು ಉದ್ದಕ್ಕೂ ಹೊಲಿಗೆ ಹಾಕಿ ಹಿಡಿದ ಆ ಹೊದಿಕೆ ಪೂರ್ತಿ ತೇಪೆಯೇ. ಆದರೆ ಹೊಲಿಯುವವರೇ ಅದನ್ನು ಹೊದೆಯುತ್ತಾರೆ, ಇಲ್ಲವೇ ಮಗಳು, ಮೊಮ್ಮಗು ಹೊದೆಯುತ್ತಾರೆ. ಯಾವ ತುಂಡೂ ತಾನು ತುಂಡಲ್ಲ ಎಂದು ನಟಿಸುವುದಿಲ್ಲ. ಹರಿದದ್ದನ್ನು ಹರಿದಿದೆ ಎಂದು ಒಪ್ಪಿಕೊಂಡೇ ತೇಪೆ ಹಾಕುತ್ತಾರೆ. ಕೊಳಾಯಿಗೆ ಎಂ-ಸೀಲ್ ಮೆತ್ತುವ ಅಮ್ಮಂದಿರೂ ಹಾಗೆಯೇ, ಅದು ತಾತ್ಕಾಲಿಕ ಎಂದು ಮನೆಯವರಿಗೆಲ್ಲ ಗೊತ್ತು. ಬಣ್ಣ ಬಳಿದ ತೇವದ ಗೋಡೆ ಬೇರೆ ಜಾತಿಯದು. ಅದು ಮುಂದೆ ಬರುವವರಿಗೆ ಹೇಳುವ ಸುಳ್ಳು. ಮೇಸ್ತ್ರಿ ತಮ್ಮ ಒಂದು ಸಾಲಿನಲ್ಲಿ ಗುರುತಿಸಿದ್ದು ಈ ಗೆರೆಯನ್ನೇ. ಜುಗಾಡನ್ನು ಹೊಗಳುವವರು, ಬೈಯುವವರು ಇಬ್ಬರೂ ಇದನ್ನು ಅಳಿಸಿಹಾಕುತ್ತಾರೆ. ತೇಪೆಯೋ ಪೂರ್ಣ ದುರಸ್ತಿಯೋ ಎಂಬುದು ಬಹಳ ಸಲ ದುಡ್ಡಿನ ಪ್ರಶ್ನೆ. ತೋರಿಸುವುದೋ ಮುಚ್ಚುವುದೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ ಎಂದು ಇಷ್ಟು ದಿನ ನಂಬಿದ್ದೆ.

ಈಗ ಅಷ್ಟು ಖಚಿತವಾಗಿ ಹೇಳಲಾರೆ. ಕೋಣೆ ಖಾಲಿ ಮಾಡುವ ಮುನ್ನ ಗೋಡೆಯ ಮೊಳೆಯ ತೂತುಗಳಿಗೆ ಬಿಳಿ ಟೂತ್‌ಪೇಸ್ಟ್ ತುಂಬಿ ಒರೆಸಿದೆ. ಹಾಸ್ಟೆಲಿನಿಂದ ಹಾಸ್ಟೆಲಿಗೆ ಹರಿದುಬಂದ ವಿದ್ಯೆ ಅದು, ಮುಂಗಡ ಕಡಿತವಾಗದಿರಲೆಂದು. ಮರುದಿನ ಮಾಲೀಕರು ಒಬ್ಬ ಹುಡುಗಿಯನ್ನು ಕರೆತಂದರು. ಎಂ.ಎ. ಸೇರಿದ್ದಾಳೆ, ಜೊತೆಗೆ ಅವಳ ಅಪ್ಪ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವಳು ಕಿಟಕಿ ನೋಡಿದಳು, ಪ್ಲಗ್ ಪಾಯಿಂಟ್ ಎಣಿಸಿದಳು, ನಾನು ಕೂತು ಓದುತ್ತಿದ್ದ ಜಾಗದಲ್ಲೇ ನಿಂತು ಕೇಳಿದಳು: "ಅಕ್ಕಾ, ಇಲ್ಲಿ ನೀರಿನ ಪ್ರಾಬ್ಲಂ ಏನಾದ್ರೂ ಇದೆಯಾ?"

ಬೆಂಗಳೂರಿನಲ್ಲಿ ಆ ಪ್ರಶ್ನೆಯ ಅರ್ಥ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ನನ್ನ ಮುಂಗಡ ಇನ್ನೂ ವಾಪಸು ಬಂದಿರಲಿಲ್ಲ.

"ಇಲ್ಲಮ್ಮಾ, ನೀರು ಇಪ್ಪತ್ತನಾಲ್ಕು ಗಂಟೆ ಬರುತ್ತೆ" ಎಂದೆ.